ಎದ್ದು ಹೋಗುವ ಪೆಟ್ಟಿಗೆ

"ಬಲಕ್ಕೆ, ಬಲಕ್ಕೆ, ಇನ್ನೂ ಬಲಕ್ಕೆ... ಹಾಂ, ಈಗ ನೇರ ಬಿಡು. ಮುಂದೆ ಸೇತುವೆ ಇದೆ, ಬ್ರೇಕ್ ಮರೀಬೇಡ ಮಾರಾಯಾ!"

ಹೆಡ್‌ಫೋನಿನೊಳಗೆ ತಂಗಿ ಕೂಗುತ್ತಿದ್ದಳು. ಕತ್ತರಿಯಣ್ಣ ಹಲ್ಲು ಕಚ್ಚಿಕೊಂಡು ಕೀಬೋರ್ಡಿನ ಗುಂಡಿಗಳನ್ನು ಒತ್ತುತ್ತಿದ್ದ. ಪರದೆಯ ಮೇಲೆ ಒಂದು ಕೆಂಪು ಜೀಪು ಹಿಮ ಸುರಿಯುವ ಘಾಟಿಯನ್ನು ಏದುಸಿರು ಬಿಡುತ್ತ ಹತ್ತುತ್ತಿತ್ತು. ಸೇತುವೆಯ ಮೇಲೆ ಒಂದು ಸಲ ಜಾರಿತು, ತಡೆಗೋಡೆಗೆ ಮೈ ಉಜ್ಜಿತು, ಹೇಗೋ ಮತ್ತೆ ದಾರಿಗೆ ಬಂತು. ತಂಗಿ ಗೊಳ್ಳೆಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಅಣ್ಣಾ, ಅವತ್ತು ನಮ್ಮ ಹೊಸ ಮನೆ ಊಟದ ದಿನ, ನಾನು..." ಎಂದಳು.

ಪರದೆ ಕಪ್ಪಾಯಿತು. ಕಾಲ ಬಳಿ ಇದ್ದ ಕಂಪ್ಯೂಟರಿನ ಪೆಟ್ಟಿಗೆ ಒಂದು ನಿಟ್ಟುಸಿರು ಬಿಟ್ಟು ತಣ್ಣಗೆ ಕೂತಿತು. ತಣ್ಣಗೆ ಎಂಬುದು ಬರೀ ಮಾತಿಗೆ. ಮುಟ್ಟಿದರೆ ಇಸ್ತ್ರಿ ಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ಅದರ ಹೊಟ್ಟೆಯೊಳಗೆ ಪ್ರೊಸೆಸರ್ ಅಂತ ಒಂದು ಚಿಪ್ಪಿರುತ್ತದೆ, ಅದು ಮಿತಿ ಮೀರಿ ಕಾದರೆ ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ತಾನೇ ಆರಿಕೊಳ್ಳುತ್ತದೆ ಎನ್ನುವಷ್ಟು ಕತ್ತರಿಯಣ್ಣನಿಗೆ ಗೊತ್ತಿತ್ತು. ಊರೆಲ್ಲ ಸುತ್ತಾಡುವಾಗ ಏನೂ ಆಗುವುದಿಲ್ಲ. ಹಿಮದ ಘಾಟಿಗೆ ಬಂದರೆ ಸಾಕು, ಒಂದೊಂದು ಹಿಮದ ಹರಳನ್ನೂ ಬಿಡಿಸಿ ತೋರಿಸುವ ಹಟದಲ್ಲಿ ಕಾದು ಕೆಂಡವಾಗುತ್ತದೆ. ಇದು ಮೊದಲ ಸಲವಲ್ಲ. ಹಿಂದಿನ ವಾರವೂ ಇದೇ, ಅದರ ಹಿಂದಿನ ವಾರವೂ ಇದೇ.

ನಿಜ ಹೇಳಬೇಕೆಂದರೆ, ಪರದೆ ಆರಿದ ಆ ಗಳಿಗೆಯಲ್ಲಿ ಅವನಿಗೆ 'ಸದ್ಯ, ಬದುಕಿದೆ' ಅನ್ನಿಸಿತು. ಮರುಗಳಿಗೆಯೇ ಅವಳ ಅರ್ಧಕ್ಕೆ ನಿಂತ ಮಾತು ನೆನಪಾಯಿತು. ಗಡಿಬಿಡಿಯಿಂದ ತಂಗಿಗೆ ಫೋನು ಮಾಡಿದ. ರಿಂಗಾಗಿ ರಿಂಗಾಗಿ ಕಟ್ಟಾಯಿತು. ಮತ್ತೆ ಮಾಡಿದ. ಈ ಸಲ ಅವಳೇ ಕಟ್ ಮಾಡಿದಳು. ಸ್ವಲ್ಪ ಹೊತ್ತಿಗೆ ಅವಳ ದನಿಯ ಸಂದೇಶವೊಂದು ಬಂದು ಬಿತ್ತು:

"ಕಂಪ್ಯೂಟರ್ ಬಿಸಿಯಾಯ್ತು ಅಂತ ಮತ್ತೆ ಹೇಳಬೇಡ. ನಾನು ಬಾಯಿ ತೆಗೆದಾಗಲೇ ಅದಕ್ಕೆ ಯಾಕೆ ಬಿಸಿಯಾಗುತ್ತೆ? ನಿನ್ನ ಹುಟ್ಟುಗುಣ ನನಗೆ ಗೊತ್ತಿಲ್ವಾ? ಮಾತು ಬಂತು ಅಂದ ತಕ್ಷಣ ಎದ್ದು ಹೋಗ್ತೀಯ. ಬರೋ ವಾರ ಒಂದೇ ಒಂದು ಸಲ ಬರ್ತೀನಿ. ಅವತ್ತೂ ಹೀಗೇ ಮಾಡಿದ್ರೆ ಈ ಆಟಾನೂ ಬೇಡ, ಈ ಮಾತೂ ಬೇಡ. ನನಗೂ ಸಾಕಾಗಿದೆ."

ಕತ್ತರಿಯಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ಕೂತದ್ದು ತನ್ನದೇ ಸಲೂನಿನ ಕುರ್ಚಿಯಲ್ಲಿ. ವಾರದ ರಜೆಯ ಮಧ್ಯಾಹ್ನ. ಷಟರು ಅರ್ಧ ಇಳಿದಿತ್ತು. ಎದುರಿನ ಕನ್ನಡಿಯಲ್ಲಿ ಅವನ ಪೆಚ್ಚುಮೋರೆ ಕಾಣುತ್ತಿತ್ತು. ಗಿರಾಕಿಗಳಿಗೆ ಹಾಡು ಹಾಕಲೆಂದು, ಬಗೆಬಗೆಯ ಕಟಿಂಗಿನ ಚಿತ್ರ ತೋರಿಸಲೆಂದು ತಂದಿದ್ದ ಕಂಪ್ಯೂಟರು ಅದು. ಪರದೆ ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಪೆಟ್ಟಿಗೆ ನೆಲದ ಮೂಲೆಯಲ್ಲಿ.

ಅಣ್ಣ ತಂಗಿಯ ನಡುವೆ ಮಾತು ನಿಂತು ಬಹಳ ವರ್ಷವಾಗಿತ್ತು. ಅಮ್ಮ ಕೊನೆಯ ತನಕ ಇದ್ದದ್ದು ಇವನ ಮನೆಯಲ್ಲಿ. ಅವಳು ತೀರಿಕೊಂಡ ಕೆಲವು ತಿಂಗಳಿಗೆ ತಂಗಿ ಹೊಸ ಮನೆ ಕಟ್ಟಿ ನೆಂಟರಿಷ್ಟರನ್ನೆಲ್ಲ ಊಟಕ್ಕೆ ಕರೆದಳು. ಎಲ್ಲರ ಎದುರಿಗೆ, ಬಡಿಸುತ್ತ ಬಡಿಸುತ್ತ, "ಅಮ್ಮನ್ನ ನಾನು ಇಟ್ಟುಕೊಂಡಿದ್ರೆ ಇನ್ನೊಂದಷ್ಟು ದಿನ ಬದುಕಿರ್ತಿದ್ಲೋ ಏನೋ" ಎಂದುಬಿಟ್ಟಳು. ಕತ್ತರಿಯಣ್ಣ ಬಾಯಿಗಿಟ್ಟ ತುತ್ತನ್ನೂ ನುಂಗದೆ ಎದ್ದ. ಕೈ ಕೂಡ ಸರಿಯಾಗಿ ತೊಳೆಯಲಿಲ್ಲ. ಗೇಟಿನ ತನಕ ಅವಳು "ಅಣ್ಣಾ, ಅಣ್ಣಾ" ಎಂದು ಓಡಿ ಬಂದರೂ ತಿರುಗಿ ನೋಡಲಿಲ್ಲ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಅಂತ ಗಾದೆಯೇ ಇದೆ. ದಿನಾ ಕತ್ತಿ ಹಿಡಿಯುವವನಿಗೆ ಅದನ್ನು ಬೇರೆ ಹೇಳಿಕೊಡಬೇಕೇ?

ಈ ವರ್ಷ ಹೇಗೋ, ಯಾರ ಪುಣ್ಯವೋ, ತಂಗಿಯೇ ಒಂದು ಸಂದೇಶ ಕಳಿಸಿದಳು. 'ಚಿಕ್ಕಂದಿನಲ್ಲಿ ಆಡ್ತಿದ್ದೆವಲ್ಲ, ಅಂಥದ್ದೇ ಒಂದು ಗಾಡಿ ಆಟ ಬಂದಿದೆ. ಒಬ್ಬರು ಓಡಿಸಬೇಕು, ಒಬ್ಬರು ದಾರಿ ಹೇಳಬೇಕು. ಬರ್ತೀಯಾ?' ಅವಳು ದಿನವಿಡೀ ಶಾಲೆಯ ವ್ಯಾನು ಓಡಿಸುವವಳು. ಇವನಿಗೆ ಸೈಕಲ್ಲು ಬಿಟ್ಟು ಬೇರೇನೂ ಬಾರದು. ಆದರೂ ಅವಳದೇ ತೀರ್ಮಾನ: "ಸ್ಟೀರಿಂಗ್ ಹಿಡಿದು ನನ್ನ ಭುಜ ಬಿದ್ದುಹೋಗಿದೆ. ನೀನು ಓಡಿಸು, ನಾನು ಬಾಯಿ ಓಡಿಸ್ತೀನಿ." ಅಲ್ಲಿಂದ ಪ್ರತಿ ವಾರದ ರಜೆಗೂ ಇಬ್ಬರೂ ಜೀಪು ಹತ್ತುತ್ತಿದ್ದರು. ಹಳೆಯ ಮಾತು ಎತ್ತುತ್ತಿರಲಿಲ್ಲ. ಬರೀ ಬಲಕ್ಕೆ, ಎಡಕ್ಕೆ, ಹುಷಾರು, ಅಯ್ಯೋ ಹಳ್ಳ. ಅಷ್ಟರಲ್ಲೇ ಕತ್ತರಿಯಣ್ಣನಿಗೆ ವಾರವೆಲ್ಲ ಹಗುರಾಗಿ ಕಳೆಯುತ್ತಿತ್ತು. ಹಿಮದ ಘಾಟಿ ಸಿಕ್ಕಿದ್ದೇ ಸಿಕ್ಕಿದ್ದು, ಗ್ರಹಚಾರ ಕೆಟ್ಟಿತು. ಆ ಉದ್ದದ ದಾರಿಯಲ್ಲಿ ತಿರುವು ಕಡಿಮೆ, ಅವಳಿಗೆ ಮಾತಿಗೆ ಪುರುಸೊತ್ತು ಜಾಸ್ತಿ.

ಚಹಾ ತಂದ ಹೆಂಡತಿ ಸಂದೇಶವನ್ನು ಕೇಳಿಸಿಕೊಂಡು ಲೋಟ ಕೈಗಿಟ್ಟಳು. "ಅವಳು ಹೇಳೋದ್ರಲ್ಲಿ ತಪ್ಪೇನಿದೆ ರೀ? ಯಜಮಾನನ ಹಾಗೇ ಯಂತ್ರ. ಸ್ವಲ್ಪ ಬಿಸಿಯಾದ್ರೆ ಸಾಕು, ಎದ್ದು ಹೋಗಿಬಿಡುತ್ತೆ."

"ಗಾಯಕ್ಕೆ ಉಪ್ಪು ಸವರೋಕೆ ಬಂದ್ಯಾ?"

"ಉಪ್ಪಲ್ಲ, ಸಕ್ಕರೆ ಹಾಕಿದ್ದೀನಿ, ಕುಡೀರಿ. ಕುಡಿದು ಅದನ್ನ ಯಾರಿಗಾದ್ರೂ ತೋರಿಸಿ."

ಬೇರೆಯವರಿಗೆ ಯಾಕೆ ತೋರಿಸಬೇಕು? ಕತ್ತರಿಯಣ್ಣನಿಗೆ ಒಂದು ಹೆಮ್ಮೆಯಿತ್ತು: ಇಡೀ ಬೀದಿಯಲ್ಲಿ ತನ್ನಷ್ಟು ಚೊಕ್ಕಟ ಮನುಷ್ಯ ಇನ್ನೊಬ್ಬನಿಲ್ಲ. ಕತ್ತರಿ, ಬಾಚಣಿಗೆ, ಬ್ರಷ್ಷು ಎಲ್ಲ ಹೊತ್ತುಹೊತ್ತಿಗೆ ತೊಳೆದು ಒರೆಸಿ ಇಡುವವನು. ಯಂತ್ರಕ್ಕೆ ಕೊಳೆ ಹಿಡಿದಿರಬೇಕು, ಅಷ್ಟೇ ತಾನೆ? ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ. ಪೌಡರು ಹೊಡೆಯುವ ಮೆತ್ತನೆಯ ಬ್ರಷ್ಷಿನಿಂದ ಕೈಗೆಟುಕಿದ ಧೂಳೆಲ್ಲ ಕೊಡವಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೆಲಸ ಹಿಡಿದ ಮೇಲೆ ಅರೆಬರೆ ಬಿಡುವ ಜಾಯಮಾನ ಅವನದಲ್ಲ. ನಡುವೆ ಕೂತಿದ್ದ ದಪ್ಪ ಫ್ಯಾನನ್ನೂ ಅದರ ಕೆಳಗಿನ ಪದರಪದರ ತಗಡಿನ ಗಟ್ಟಿಯನ್ನೂ ಒಟ್ಟಿಗೆ ಕಳಚಿ ಎತ್ತಿದ. ಅಡಿಯಲ್ಲಿ ಆ ಚಿಪ್ಪು ಕಂಡಿತು. ಅದರ ಮೇಲೆ ಬೂದು ಬಣ್ಣದ, ಒಣಗಿದ ಕ್ರೀಮಿನಂಥದ್ದು ಮೆತ್ತಿಕೊಂಡಿತ್ತು.

"ಥೂ! ಇಲ್ಲಿದೆ ನೋಡು ಕೊಳಕು!" ಎಂದು ಕತ್ತರಿಯಣ್ಣ ಬೇಟೆ ಸಿಕ್ಕವನ ಹಾಗೆ ಹಿಗ್ಗಿದ. ಹತ್ತಿಗೆ ಗಡ್ಡಕ್ಕೆ ಹಚ್ಚುವ ಲೋಷನ್ ಸುರಿದುಕೊಂಡು ತಿಕ್ಕಿದ್ದೇ ತಿಕ್ಕಿದ್ದು. ಚಿಪ್ಪೂ ತಗಡೂ ಎರಡೂ ಮುಖ ನೋಡಿಕೊಳ್ಳುವಷ್ಟು ಫಳಫಳ ಹೊಳೆದವು. ಘಮಘಮ ಬೇರೆ. ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಮೀಸೆಯಡಿ ನಗುತ್ತ ಆಟ ಹಾಕಿದ.

ಘಾಟಿಯ ಮಾತು ಬಿಡಿ, ಈ ಸಲ ಊರ ಬಾಗಿಲೂ ದಾಟಲಿಲ್ಲ. ಜೀಪು ಹೊರಟು ಮೊದಲ ತಿರುವಿಗೆ ಬರುವಷ್ಟರಲ್ಲಿ ಪರದೆ ಕಪ್ಪು! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಕತ್ತರಿಯಣ್ಣ ಮತ್ತೊಮ್ಮೆ ಹಾಕಿದ, ಮತ್ತೆ ಅದೇ. ಬರುವ ವಾರ ತಂಗಿ ಬರುತ್ತಾಳೆ, ಒಂದೇ ಒಂದು ಸಲ ಬರುತ್ತಾಳೆ, ಮೊದಲ ತಿರುವಿನಲ್ಲೇ ಇವನು ಮಾಯವಾದರೆ ಇನ್ನು ಈ ಜನ್ಮದಲ್ಲಿ ಅವಳ ದನಿ ಕೇಳುವ ಹಾಗಿಲ್ಲ. ಆ ದಿನ ಅವನ ಕೈ ಯಾವತ್ತಿನ ಹಾಗಿರಲಿಲ್ಲ. ಗಿರಾಕಿಯೊಬ್ಬರ ಕೆನ್ನೆಗಡ್ಡ ಒಂದು ಪಕ್ಕ ಮೇಲೆ, ಒಂದು ಪಕ್ಕ ಕೆಳಗೆ ಆಗಿ, ಸರಿಮಾಡಲು ಹೋಗಿ ಹೋಗಿ ಕೊನೆಗೆ ಅವರು ಪೂರ್ತಿ ಬೋಳಿಸಿಕೊಂಡು ಹೋಗಬೇಕಾಯಿತು.

ಸಂಜೆ ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಹಿಂದಿನ ಬೀದಿಯ ರಿಪೇರಿ ಅಂಗಡಿಗೆ ಹೋದ. ಅದನ್ನು ನಡೆಸುವ ಹೆಂಗಸನ್ನು ಎಲ್ಲರೂ ರಿಪೇರಿ ಮೇಡಂ ಅಂತಲೇ ಕರೆಯುವುದು. ನಾಲಿಗೆ ಸ್ವಲ್ಪ ಖಾರ. ಅವರು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದವರೇ ಮೂಗರಳಿಸಿ ಎರಡು ಸಲ ಮೂಸಿದರು.

"ಏನ್ರೀ ಇದು, ಕಂಪ್ಯೂಟರೋ ಮದುಮಗನೋ? ಸೆಂಟು ಹೊಡೀತಿದೆ!"

"ಕೊಳೆ ಹಿಡಿದಿತ್ತು ಮೇಡಂ. ನಾನೇ ಒರೆಸಿದೆ. ಒಂದು ಚೂರೂ ಬಿಟ್ಟಿಲ್ಲ ನೋಡಿ." ಹೀಗೆ ಹೇಳುವಾಗಲೂ ಪಾಪ, ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಮೇಡಂ ಫ್ಯಾನು ಎತ್ತಿ ನೋಡಿದರು. ಕನ್ನಡಿಯಂತೆ ಹೊಳೆಯುವ ಚಿಪ್ಪನ್ನು ನೋಡಿದರು. ಆಮೇಲೆ ಅವನನ್ನು ನೋಡಿದರು. ನಕ್ಕರು ನೋಡಿ, ಪಕ್ಕದ ಅಂಗಡಿಯವರು ಇಣುಕುವ ಹಾಗೆ ನಕ್ಕರು.

"ಅಯ್ಯೋ ನಿಮ್ಮ ಚೊಕ್ಕಟಕ್ಕೆ ಬೆಂಕಿ ಹಾಕ! ಅದು ಕೊಳೆ ಅಲ್ಲ ಕಣ್ರೀ, ಲೇಪ. ಬೇಕು ಅಂತಲೇ ಹಚ್ಚಿರ್ತಾರೆ. ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಈ ಎರಡರ ಮಧ್ಯೆ ಸಂದು ಇರುತ್ತೆ. ಲೇಪ ಆ ಸಂದು ಮುಚ್ಚಿದ್ರೆ ಚಿಪ್ಪಿನ ಬಿಸಿ ಮೇಲಿನ ತಗಡಿಗೆ ಹೋಗುತ್ತೆ, ಫ್ಯಾನು ಅದನ್ನ ಆಚೆ ತಳ್ಳುತ್ತೆ. ನೀವು ಅದನ್ನೇ ಉಜ್ಜಿ ತೆಗೆದ್ರೆ ಬಿಸಿ ಎಲ್ಲಿಗೆ ಹೋಗಬೇಕು ಪಾಪ? ಒಳಗೇ ಕುದಿಯುತ್ತೆ."

"ಅದು ಮೊದಲೂ ಕುದೀತಿತ್ತಲ್ಲ ಮೇಡಂ? ಲೇಪ ಇದ್ದಾಗಲೂ?"

"ಅದಕ್ಕೆ ಕಾರಣ ಬೇರೆ ಇರುತ್ತೆ, ತಾಳಿ." ಅವರು ಫ್ಯಾನನ್ನು ತಗಡಿನಿಂದ ಬೇರೆ ಮಾಡಿದರು. ಅದು ಹೀಗೆ ಬೇರೆಯಾಗುತ್ತದೆ ಅಂತ ಕತ್ತರಿಯಣ್ಣನಿಗೆ ಗೊತ್ತೇ ಇರಲಿಲ್ಲ. ತಗಡಿನ ಪದರಗಳ ಸಂದಿನಲ್ಲಿ ಒತ್ತಾಗಿ, ಕಂಬಳಿಯ ಚೂರಿನಂತೆ ಏನೋ ಹೆಪ್ಪುಗಟ್ಟಿತ್ತು. ಮೇಡಂ ಚಿಮುಟದಿಂದ ಎಳೆದರು. ಅದು ಬಂತು, ಬರುತ್ತಲೇ ಇತ್ತು. ಪೌಡರಿನಲ್ಲಿ ಕಲಸಿಕೊಂಡ ಕೂದಲು! ವರ್ಷಗಟ್ಟಲೆ ಅವನು ನೆಲ ಗುಡಿಸಿ ಕೂದಲನ್ನು ಒಟ್ಟು ಮಾಡುತ್ತಿದ್ದುದು ಅದೇ ಮೂಲೆಗೆ, ಪೆಟ್ಟಿಗೆಯ ಮೂಗಿನ ಮುಂದಕ್ಕೆ.

"ಊರಿನ ತಲೆಯೆಲ್ಲ ಇದರ ಹೊಟ್ಟೆಲಿದೆ. ಹೀಗಿದ್ರೆ ಉಸಿರು ಹೇಗೆ ಆಡಬೇಕು?" ಎಂದರು ಮೇಡಂ.

ಕತ್ತರಿಯಣ್ಣ ನಾಚಿಕೆಯಿಂದ ನೆಲಕ್ಕಿಳಿದು ಹೋದ. ಆದರೂ ಕಸುಬಿನ ಕಣ್ಣು, ಸುಮ್ಮನಿರಲಿಲ್ಲ. ಆ ಉಂಡೆಯನ್ನು ಬೆರಳಲ್ಲಿ ಬಿಡಿಸಿ ಬೆಳಕಿಗೆ ಹಿಡಿದ. "ಈ ಗುಂಗುರು ಆ ಬೇಕರಿಯವರದ್ದು... ಇದು ಮೇಷ್ಟ್ರದ್ದು, ಬುಡ ಬಿಳಿ, ತುದಿ ಕಪ್ಪು. ಬಣ್ಣ ಹಾಕಿಸ್ಕೊಂಡು ಯಾರಿಗೂ ಹೇಳಬೇಡ ಅಂದಿದ್ರು."

"ನನಗೆ ಹೇಳಿಬಿಟ್ರಲ್ಲ!"

"ಅಯ್ಯೋ!" ಎಂದು ಅವನು ಬಾಯಿ ಮುಚ್ಚಿಕೊಂಡ. ಹಿಂದಿನ ಮಧ್ಯಾಹ್ನದಿಂದ ಮೊದಲ ಸಲ ಅವನಿಗೂ ನಗು ಬಂತು.

ಮೇಡಂ ತಗಡನ್ನು ಗಾಳಿಯಿಂದ ಊದಿ ಶುಚಿ ಮಾಡಿದರು. ಸಣ್ಣ ಕೊಳವೆಯಿಂದ ಕಡಲೆಕಾಳಿನಷ್ಟು ಹೊಸ ಲೇಪವನ್ನು ಚಿಪ್ಪಿನ ನಡುವೆ ಇಟ್ಟು, ತಗಡನ್ನು ಅದರ ಮೇಲೆ ಮೆಲ್ಲಗೆ ಅದುಮಿ ಬಿಗಿದರು. ಪರದೆಯ ಮೂಲೆಯಲ್ಲಿ ಬಿಸಿ ಎಷ್ಟಿದೆ ಅಂತ ತೋರಿಸುವ ಒಂದು ಅಂಕಿ ಕೂರಿಸಿಕೊಟ್ಟರು. "ಎಪ್ಪತ್ತು ಎಪ್ಪತ್ತೈದು ಇದ್ರೆ ನಿಶ್ಚಿಂತೆ. ತೊಂಬತ್ತು ದಾಟಿದ್ರೆ ನನ್ನ ನೆನೆಸ್ಕೊಳ್ಳಿ. ಇನ್ನು ಮೇಲೆ ಪೆಟ್ಟಿಗೆ ನೆಲದ ಮೇಲೆ ಬೇಡ, ಎತ್ತರಕ್ಕೆ ಇಡಿ. ಮತ್ತೆ ದಯವಿಟ್ಟು ಒರೆಸಬೇಡಿ."

ರಜೆಯ ಮಧ್ಯಾಹ್ನ ಬಂತು. ಪೆಟ್ಟಿಗೆ ಈಗ ಹಲಗೆಯ ಮೇಲೆ, ಟವೆಲ್ಲು ಒಣಹಾಕುವ ಹಗ್ಗದ ಪಕ್ಕಕ್ಕೆ ಏರಿತ್ತು. ಷಟರು ಅರ್ಧ ಇಳಿಸಿ, ಹೆಡ್‌ಫೋನ್ ಸಿಕ್ಕಿಸಿಕೊಂಡು ಕತ್ತರಿಯಣ್ಣ ಕುರ್ಚಿಯ ತುದಿಯಲ್ಲಿ ಕೂತ. ಒಂದು ಮಾತು ಹೇಳಬೇಕು: ಅವನಿಗೆ ಕೂತು ಅಭ್ಯಾಸವೇ ಇರಲಿಲ್ಲ. ಊರಿನವರನ್ನೆಲ್ಲ ಆ ಕುರ್ಚಿಯಲ್ಲಿ ಕೂರಿಸಿ, 'ಅಲ್ಲಾಡಬೇಡಿ' ಎಂದು ಹೇಳುವುದು ಅವನ ಕಸುಬು. ತಾನು ಮಾತ್ರ ಬೆಳಗಿನಿಂದ ಸಂಜೆವರೆಗೆ ನಿಂತೇ ಇರುವವನು.

ತಂಗಿ ಬಂದಳು. ಹೇಗಿದ್ದೀಯ ಇಲ್ಲ, ಊಟ ಆಯ್ತಾ ಇಲ್ಲ. "ಗಾಡಿ ತೆಗಿ" ಎಂದಳು.

"ಕಡ್ಡಿ, ಕಂಪ್ಯೂಟರ್ ರಿಪೇರಿ ಮಾಡಿಸಿದೆ," ಎಂದ. ಕಡ್ಡಿ ಎಂದರೆ ಚಿಕ್ಕಂದಿನ ಹೆಸರು; ಆಗ ಅವಳು ಹಾಗೇ ಇದ್ದಳು. "ಒಳಗೆಲ್ಲ ಕೂದಲು ತುಂಬಿತ್ತು. ನಿಜವಾಗ್ಲೂ."

"ನೋಡೋಣ. ಮುಂದೆ ಎಡಕ್ಕೆ."

ಊರು ದಾಟಿತು. ಹೊಳೆ ದಾಟಿತು. ಅಂಕಿ ಅರವತ್ತರ ಆಚೀಚೆ ಓಲಾಡುತ್ತಿತ್ತು. ಹಿಮದ ಮೊದಲ ಹರಳುಗಳು ಜೀಪಿನ ಗಾಜಿಗೆ ಬಡಿಯತೊಡಗಿದಾಗ ಕತ್ತರಿಯಣ್ಣನ ಕಣ್ಣು ದಾರಿಗಿಂತ ಮೂಲೆಯ ಮೇಲೇ ಹೆಚ್ಚಿತ್ತು. ಅರವತ್ತೆಂಟು. ಎಪ್ಪತ್ತು. ಸೇತುವೆಯ ಮೇಲೆ ಎಪ್ಪತ್ತೆರಡು. ಸೇತುವೆ ದಾಟಿತು. ಎಪ್ಪತ್ತೆರಡು. ಅಲ್ಲೇ ನಿಂತಿತು. ಹೋದ ಜೀವ ಬಂದ ಹಾಗಾಗಿ ಅವನು ಉಸಿರು ಬಿಟ್ಟ. ಬಿಟ್ಟ ಮೇಲೆ ಹೊಳೆಯಿತು: ಯಂತ್ರ ಇನ್ನು ಎದ್ದು ಹೋಗುವುದಿಲ್ಲ. ಈ ಸಲ ಅವಳು ಏನು ಹೇಳಿದರೂ ಕೇಳಲೇಬೇಕು.

ಅವನು ತಡೆಗೋಡೆಯ ಪಕ್ಕಕ್ಕೆ ಜೀಪು ನಿಲ್ಲಿಸಿದ.

"ಯಾಕೆ ನಿಲ್ಲಿಸಿದೆ?"

"ಅವತ್ತಿಂದು ಏನೋ ಹೇಳ್ತಿದ್ಯಲ್ಲ. ಹೇಳು."



"ಹೋದ ವಾರವೂ ಹೀಗೇ ಗಾಡಿ ನಿಂತಿತ್ತು," ಎಂದಳು ಅವಳು. "ನನ್ನ ಮಾತು ಕೇಳೋಕೇ ನಿಲ್ಲಿಸಿದ್ದೀಯ ಅಂದ್ಕೊಂಡೆ. ಎಲ್ಲಾ ಹೇಳಿದೆ ಕಣೋ. ತಪ್ಪಾಯ್ತು ಅಂದೆ, ಹೊಟ್ಟೆಗೆ ಹಾಕ್ಕೋ ಅಂದೆ, ಅತ್ತುಬಿಟ್ಟೆ ಕೂಡ. ಹೇಳಿ ಮುಗಿಸಿ ನೋಡಿದ್ರೆ ನೀನೇ ಇಲ್ಲ."

ಇಷ್ಟು ವಾರವೂ ಕತ್ತರಿಯಣ್ಣ, ಅವಳು ಅದೇ ಬಾಣವನ್ನು ಮತ್ತೆ ಬಿಡಲು ಬರುತ್ತಿದ್ದಾಳೆ ಅಂದುಕೊಂಡು ಹೆದರಿದ್ದ. ಪರದೆ ಆರಿದರೆ 'ಬದುಕಿದೆ' ಅಂದುಕೊಂಡಿದ್ದ. ತನ್ನ ಎರಡೂ ಕೈ ಕುರ್ಚಿಯ ತೋಳಿನ ಮೇಲೆ ಊರಿರುವುದು, ತಾನು ಆಗಲೇ ಅರ್ಧ ಎದ್ದಿರುವುದು ಕನ್ನಡಿಯಲ್ಲಿ ಕಂಡಿತು. ಕಣ್ಣಲ್ಲಿ ನೀರು ಬಂದರೆ ಎದ್ದು ಹೋಗುವುದೊಂದೇ ಅವನಿಗೆ ಗೊತ್ತಿದ್ದ ದಾರಿ. ಅವನು ಮತ್ತೆ ಕೂತ. ಈ ಸಲ ತುದಿಯಲ್ಲಲ್ಲ. ಗಿರಾಕಿಗಳು ಕೂರುವ ಹಾಗೆ ಬೆನ್ನಾನಿಸಿ ಕೂತ.

"ನೀನು ಅವತ್ತು ಅಂದಿದ್ದು ಸುಳ್ಳು ಅಂತ ಅನ್ನಿಸಿದ್ರೆ ಅಲ್ಲೇ ಜಗಳ ಆಡ್ತಿದ್ದೆ ಕಡ್ಡಿ," ಎಂದ. "ನಿಜ ಇರಬಹುದು ಅನ್ನಿಸ್ತು. ನನ್ನ ಕೈಯಲ್ಲಿ ಏನೋ ಕಮ್ಮಿಯಾಯ್ತು, ಅದಕ್ಕೇ ಅಮ್ಮ ಹೋದ್ಲು ಅಂತ. ಈಗಲೂ ಒಂದೊಂದ್ಸಲ ಅನ್ನಿಸುತ್ತೆ. ಅದಕ್ಕೇ ಎದ್ದು ಬಂದೆ."

ಆ ಕಡೆಯಿಂದ ಕುರ್ಚಿ ಸರಿದ ಸದ್ದು ಬಂತು. ಆಮೇಲೆ ಏನೂ ಇಲ್ಲ.

"ಕಡ್ಡಿ?"

ಜೀಪಿನ ಮೇಲೆ ಹಿಮ ಸುರಿಯುತ್ತಲೇ ಇತ್ತು. ಎದ್ದು ಹೋದಳು, ಅಂದುಕೊಂಡ ಅವನು. ಗೇಟಿನ ತನಕ ಓಡಿ ಬಂದು, ತಿರುಗದ ಬೆನ್ನನ್ನು ನೋಡುತ್ತ ನಿಂತವಳಿಗೆ ಅವತ್ತು ಹೇಗಾಗಿರಬೇಕು ಎಂಬುದು ಅವನಿಗೆ ಈಗ ಗೊತ್ತಾಯಿತು. ಫೋನು ಕೈಗೆತ್ತಿಕೊಂಡ, ಕೆಳಗಿಟ್ಟ. ಕಾಯುತ್ತೇನೆ, ಅಂದುಕೊಂಡ. ಎಷ್ಟು ಹೊತ್ತಾದರೂ ಸರಿ. ಅಂಕಿ ಎಪ್ಪತ್ತೆರಡರಲ್ಲೇ ಇತ್ತು.

ಕೊನೆಗೆ ಆ ಕಡೆ ದೂರದಲ್ಲೆಲ್ಲೋ ನಲ್ಲಿ ತಿರುಗಿಸಿ ನಿಲ್ಲಿಸಿದ ಸದ್ದು. ಚಪ್ಪಲಿಯ ಸದ್ದು. ಮೂಗು ಸೀಟಿದ ಸದ್ದು.

"ಇದೀಯಾ?" ಎಂದಳು ತಂಗಿ. ದನಿ ಒದ್ದೆಯಾಗಿತ್ತು.

"ಇದೀನಿ."

"ಮುಖ ತೊಳೆಯೋಕೆ ಹೋಗಿದ್ದೆ. ಕೇಳಿಲ್ಲಿ. ನಾನು ಅಂದಿದ್ದು ಸುಳ್ಳು. ಕೊನೇ ಸಲ ಅಮ್ಮನ್ನ ನೋಡೋಕೆ ಬಂದಿದ್ನಲ್ಲ, ತಲೆ ಬಾಚ್ತೀನಿ ಬಾ ಅಂದೆ. ಬೇಡ, ನಿಮ್ಮಣ್ಣ ಬರಲಿ, ಅವನ ಕೈ ಹಗುರ, ಅವನು ಬಾಚಿದ್ರೆ ನಿದ್ದೆ ಬರುತ್ತೆ ಅಂದ್ಲು. ಎಂಥಾ ಹೊಟ್ಟೆಕಿಚ್ಚಾಯ್ತು ಗೊತ್ತಾ? ಹೆಣ್ಣುಮಗಳು ನಾನಿದ್ದೀನಿ, ನನ್ನ ಕೈ ಬೇಡವಂತೆ ಅವಳಿಗೆ. ಆ ಉರಿನ ಅಷ್ಟು ದಿನ ಒಳಗಿಟ್ಕೊಂಡು ಅವತ್ತು ನಿನ್ನ ಮೇಲೆ ಕಾರಿದೆ. ಅಷ್ಟೇ ಕಣೋ."

ಕತ್ತರಿಯಣ್ಣ ತನ್ನ ಕೈಗಳನ್ನು ನೋಡಿಕೊಂಡ. ಅತ್ತ. ಎದ್ದು ಹೋಗದೆ, ಅಲ್ಲೇ ಕೂತು, ಮುಚ್ಚಿಡದೆ ಅತ್ತ. ಎಷ್ಟೋ ವರ್ಷದಿಂದ ಹೊತ್ತು ತಿರುಗುತ್ತಿದ್ದ ಕಲ್ಲನ್ನು ಯಾರೋ ಬಂದು, 'ಕೊಡಿಲ್ಲಿ, ಇದು ನಿಂದಲ್ಲ' ಎಂದು ಇಳಿಸಿಕೊಂಡ ಹಾಗಿತ್ತು.

"ಸಾಕು ಸಾಕು, ಹಿಮ ಕರಗಿಬಿಡುತ್ತೆ," ಎಂದಳು ತಂಗಿ, ತಾನೂ ಮೂಗೆಳೆಯುತ್ತ. "ಗಾಡಿ ಬಿಡು. ಈ ಘಾಟಿಯ ಆಚೆ ಏನಿದೆ ಅಂತ ನಾನೂ ನೋಡಿಲ್ಲ. ಎಡಕ್ಕೆ... ನಿಧಾನ... ಈಗ ಬಲಕ್ಕೆ."

ಜೀಪು ಹೊರಟಿತು. ಹಿಮ ತೆಳುವಾಗುತ್ತ ಬಂದು, ಕೆಳಗೆ ಹಸಿರು ಬಯಲೂ ಅದರ ನಡುವೆ ಒಂದು ಪುಟ್ಟ ಊರೂ ಕಂಡವು. ತಂಗಿ ದಾರಿ ಹೇಳುವುದನ್ನು ಮರೆತು "ಆಹಾ" ಎಂದಳು. ಹಲಗೆಯ ಮೇಲೆ ಪೆಟ್ಟಿಗೆ ಒಂದೇ ಸಮನೆ ಉಸಿರಾಡುತ್ತಿತ್ತು. ಅದರ ಬೆನ್ನಿನಿಂದ ಬರುವ ಬೆಚ್ಚನೆಯ ಗಾಳಿಗೆ ಹಗ್ಗದ ಮೇಲೆ ಒಣಹಾಕಿದ್ದ ಬಿಳಿ ಟವೆಲ್ಲಿನ ಅಂಚು ಮೆಲ್ಲಗೆ ಅಲ್ಲಾಡುತ್ತಿತ್ತು.